ಮೂರು ದರ್ಜೆಯ ತುಪ್ಪಟ

ಮೂವತ್ತೊಂದು ವರ್ಷ ಉಣ್ಣೆ ವಿಂಗಡಿಸಿದವಳು ನಾನು.
ಮಟೌರಾ ಹೊಳೆಯ ಆಚೀಚಿನ ದೊಡ್ಡಿಗಳಲ್ಲಿ
ಆಗಷ್ಟೇ ಕತ್ತರಿಸಿದ, ಇನ್ನೂ ಬಿಸಿಯಾಗಿರುವ ತುಪ್ಪಟದಿಂದ
ಒಂದು ಎಳೆ ಕಿತ್ತು ಕಿವಿಯ ಬಳಿ ಹಿಡಿದು ಮೀಟಿದರೆ ಸಾಕು,
ಆ ಕುರಿ ಯಾವ ತಿಂಗಳು ಹಸಿದಿತ್ತೆಂದು ಹೇಳಿಬಿಡುತ್ತಿದ್ದೆ.
ನನ್ನ ಕಾರಿನ ಕೂದಲು ಮಾತ್ರ
ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕಾಣಿಸಿದವರು ಹೋಹೆಪಾ.
ಸೋಮ, ಬುಧ, ಶುಕ್ರ ಅವರನ್ನು ಡಯಾಲಿಸಿಸ್‌ಗೆ
ಇನ್‌ವರ್‌ಕಾರ್ಗಿಲ್ಲಿಗೆ ಕರೆದೊಯ್ಯುವುದು ನಾನೇ,
ಮೂವರು ಮಕ್ಕಳು ವಾಂತಿ ಮಾಡಿ ಬೆಳೆದ
ಅದೇ ಹಳೇ ಟೊಯೋಟಾದಲ್ಲಿ.
ಅವರದು ಯಾವಾಗಲೂ ಕಪ್ಪು ಸೂಟು,
ರಕ್ತ ತೊಳೆಸಿಕೊಳ್ಳಲು ಚರ್ಚಿಗೆ ಹೊರಟವರ ಹಾಗೆ.
ಕಳೆದ ಶುಕ್ರವಾರ
ಆಲೂಗಡ್ಡೆಯ ಬೆಲೆ ಮಾತಾಡುತ್ತ, ಗಾಳಿಯ ಮಾತಾಡುತ್ತ,
ಪ್ಯಾಂಟಿನ ಮೇಲಿಂದ ಒಂದೊಂದೇ ಕೂದಲು ಹೆಕ್ಕಿ
ಕರವಸ್ತ್ರದಲ್ಲಿಟ್ಟು, ನಾಲ್ಕು ಮಡಿಕೆ ಮಾಡಿ
ಜೇಬಿಗೆ ಸೇರಿಸಿದರು.
ಒಂದನ್ನೂ ಕಾರಿನೊಳಗೆ ಮತ್ತೆ ಬೀಳಗೊಡಲಿಲ್ಲ.
ಬೈದಿದ್ದರೆ ಎಷ್ಟೋ ವಾಸಿ.

ಶನಿವಾರ ಬೆಳಿಗ್ಗೆ ಸೀಟುಗಳನ್ನೇ ಬಿಚ್ಚಿ
ಹುಲ್ಲಿನ ಮೇಲೆ ಸಾಲಾಗಿ ಕೂರಿಸಿದೆ.
ವ್ಯಾಕ್ಯೂಮ್ ಕ್ಲೀನರ್ ಎರಡು ಸಲ ಕೆಮ್ಮಿ ಕೈಚೆಲ್ಲಿತು.
ಕೆಲಸಕ್ಕೆ ಬಂದದ್ದು ಒದ್ದೆ ಮಾಡಿದ ರಬ್ಬರ್ ಗವುಸು.
ಒಂದೇ ದಿಕ್ಕಿಗೆ ಎಳೆಯಬೇಕು, ಅವಸರಿಸಬಾರದು,
ಎಳೆದಷ್ಟೂ ಬರುತ್ತದೆ.
ಹಳಿಯ ಸಂದಿಯಲ್ಲಿ ಕಲ್ಲಾದ ಆಲೂ ಚಿಪ್ಸು,
ಕೆರಿನ್ ಅತ್ತೂ ಅತ್ತೂ ಮನೆಯೆಲ್ಲ ಹುಡುಕಿಸಿದ್ದ ಹಾಲುಹಲ್ಲು.
ಅವಳಿಗೀಗ ಇಪ್ಪತ್ತೊಂಬತ್ತು.

ಮೇಲೆ ಕಪ್ಪು ಕಂದು: ಮೆಗ್.
ಟ್ರೇಲರಿನಡಿ ಮಲಗಿ, ತನ್ನದೇ ಮೈ
ಬಾಲ್ದಿ ತುಂಬುವುದನ್ನು ಒಂದೇ ಕಣ್ಣಲ್ಲಿ ನೋಡುತ್ತಿದ್ದಳು.
ಅದರಡಿ ಬಿಳಿ, ಉದ್ದ, ರೇಷ್ಮೆಯಂಥದು: ಫ್ಲಿಂಟ್.
ಅವನನ್ನು ಮಣ್ಣು ಮಾಡಿ ಎಂಟು ಚಳಿಗಾಲ.
ಅಲ್ಲಿ ಸ್ವಲ್ಪ ಹೊತ್ತು ಗವುಸು ಓಡಲಿಲ್ಲ.

ಅದಕ್ಕೂ ಅಡಿಯಲ್ಲಿ,
ಕಂಬಳಿಯ ಸೆಣಬಿನಲ್ಲಿ ಹೊಲಿದಂತೆ ಕೂತಿತ್ತು
ಕೆಂಪು ಕೂದಲು, ಗಿಡ್ಡ, ಒರಟು.
ಕೆಂಪು ನಾಯಿಯನ್ನು ನಾವು ಸಾಕಿಯೇ ಇಲ್ಲ.
ಲಿಂಡ್ಸೆಯನ್ನು ಕೂಗಿದೆ. ಟೀ ಲೋಟ ಹಿಡಿದೇ ಬಗ್ಗಿ ನೋಡಿ
"ನಮಗಿಂತ ಮುಂಚಿನವರದು" ಎಂದ.
ಹರಾಜಿನ ಅಂಗಳದಲ್ಲಿ ಕನ್ನಡಿಗೆ
ಪೈನ್ ವಾಸನೆಯ ಕಾಗದದ ಮರ ತೂಗುಹಾಕಿ
ಇದೊಂದನ್ನು ಹೇಳದೆ ಮಾರಿದ್ದರು.

ಕೈಯ ಚಾಳಿ ಬಿಡುತ್ತದೆಯೇ,
ಉದ್ದ, ಬಲ, ಕಸ ನೋಡಿ ಮೂರು ದರ್ಜೆ ಮಾಡಿದೆ,
ಮೂರು ಬ್ರೆಡ್ಡಿನ ಚೀಲಕ್ಕೆ ತುಂಬಿ
ಕಸದ ಡಬ್ಬಿಗೆ ಹಾಕಿದೆ.

ಸೋಮವಾರ ಹೋಹೆಪಾ ಹತ್ತಿ ಕೂತರು.
ಅಂಗೈಯಿಂದ ಸೀಟು ಸವರಿದರು.
ಈಡನ್‌ಡೇಲಿನ ಹಾಲಿನ ಕಾರ್ಖಾನೆ ದಾಟುವವರೆಗೂ ಮಾತಿಲ್ಲ.
ಆಮೇಲೆ, ಮೆಲ್ಲಗೆ:
"ಯಾವತ್ತು ಹೋದಳು, ಮೆಗ್?"
ಅಯ್ಯೋ, ಮನೆಯಲ್ಲಿದ್ದಾಳೆ, ಚೆನ್ನಾಗಿದ್ದಾಳೆ!
"ಇಷ್ಟು ತೊಳೆಯುವುದು
ಯಾರಾದರೂ ಹೋದಾಗ ಅಲ್ಲವೇ" ಎಂದವರು
ಕರವಸ್ತ್ರ ತೆಗೆದರು, ಬಿಡಿಸಿದರು,
ಬರಿದನ್ನೇ ಮತ್ತೆ ಮಡಿಸಿದರು.

"ಹಿತ್ತಿಲ ಪೊದೆಯಲ್ಲಿ ಬೀಸಣಿಗೆ ಬಾಲದ ಹಕ್ಕಿ
ಗೂಡು ಕಟ್ಟುತ್ತಿದೆ. ಅದಕ್ಕೇ ಒಯ್ಯುತ್ತಿದ್ದೆ.
ಅದು ಮನೆಯೊಳಗೆ ಬಂದರೆ ಸಾವಿನ ಸುದ್ದಿ,
ನಮ್ಮವರು ಹಾಗನ್ನುತ್ತಾರೆ.
ಹೊರಗೇ ಸಂಸಾರ ಹೂಡಿಕೊಳ್ಳಲಿ ಅಂತ
ಚೂರು ಲಂಚ."
ನಕ್ಕರು. ಸೂಜಿಗಳ ಗಂಟು ಕಟ್ಟಿದ ತೋಳು
ತೊಡೆಯ ಮೇಲೆ ಹಗುರಾಗಿ ನಕ್ಕಿತು.

ಕಸದ ಗಾಡಿ ಬರುವುದು ಗುರುವಾರ.
ಬುಧವಾರ ಬೆಳಿಗ್ಗೆ, ಹೊರಡುವ ಮುನ್ನ,
ಮೂರು ಚೀಲ ಅವರ ಮಡಿಲಿಗಿಟ್ಟೆ.
ಹಿಂದಿನ ಸೀಟಿನಿಂದ ಮೆಗ್
ಅವರ ಹೆಗಲಿಗೆ ಮೂತಿ ಊರಿದ್ದಳು.
ಕೊನೆಯ ಚೀಲದಿಂದ ಒಂದು ಚಿಟಿಕೆ ಎತ್ತಿ
ಬೆಳಕಿಗೆ ಹಿಡಿದರು: "ಇದು ಯಾರು?"

ಗೊತ್ತಿಲ್ಲ ಎಂದೆ.
ಇಸಿದುಕೊಂಡು ಕಿವಿಯ ಬಳಿ ಹಿಡಿದು ಮೀಟಿದೆ.
ಗಟ್ಟಿ ಇದೆ.